ಮೆಲ್ಬರ್ನ್‌ಗೆ ಮನೆಸಾಮಾನು ಕಟ್ಟಿಕೊಂಡು ಹೊರಟಿದ್ದೇವೆ: 100 ಕಿಲೋದಲ್ಲಿ ಏನು ತುಂಬೋದು, ಏನು ಬಿಡೋದು?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜುಲೈ ಎರಡನೇ ವಾರ ದಾವಣಗೆರೆಯಿಂದ ಮೆಲ್ಬರ್ನ್‌ಗೆ ಹೊರಡುತ್ತೇವೆ. ಪಿಆರ್ ವೀಸಾ, ಹಾಗಾಗಿ ಅಲ್ಲೇ ನೆಲೆಸುವ ಲೆಕ್ಕ. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ಎಂಟು ತಿಂಗಳ ಕೂಸು. ಮೂರು ಟಿಕೆಟ್‌ಗೆ ತಲಾ 30 ಕಿಲೋ, ಕೂಸಿಗೆ 10 ಕಿಲೋ, ಒಟ್ಟು 100 ಕಿಲೋ. ಕೈಚೀಲ ತಲಾ 7 ಕಿಲೋ.

ಮನೆಯಲ್ಲಿ ಹಿರಿಯರು ಬರೆದುಕೊಟ್ಟ ಪಟ್ಟಿ ಹೀಗಿದೆ: ಬ್ಯಾಡಗಿ ಮೆಣಸಿನಕಾಯಿ 2 ಕಿಲೋ, ಧನಿಯಾ 1 ಕಿಲೋ, ಜೀರಿಗೆ ಅರ್ಧ ಕಿಲೋ, ತೊಗರಿಬೇಳೆ 5 ಕಿಲೋ, ಅಕ್ಕಿ 5 ಕಿಲೋ, ಸಾರಿನ ಪುಡಿ, ಉಪ್ಪಿನಕಾಯಿ, ಮಂಡಕ್ಕಿ. ಮಿಕ್ಸಿ, ಎರಡು ಕುಕ್ಕರ್, ಇಡ್ಲಿ ಪಾತ್ರೆ, ದೋಸೆ ಹಂಚು, ಲಟ್ಟಣಿಗೆ, ಮಣೆ. ಕೂಸಿನ ಸಾಸಿವೆ ದಿಂಬು, ರಾಗಿ ಸರಿ. ದೇವರ ಪೆಟ್ಟಿಗೆ. ಒಡವೆ. ಬಟ್ಟೆ ಬೇರೆ. ತೂಗಿ ನೋಡಿದರೆ ಈಗಲೇ 140 ದಾಟಿದೆ.

ಮೂರು ವಿಷಯ ತಿಳಿಯಬೇಕು. ತಿನ್ನುವ ಸಾಮಾನಿನಲ್ಲಿ ಯಾವುದನ್ನು ನಿಜಕ್ಕೂ ಬಿಡುತ್ತಾರೆ? ಅಡುಗೆ ಸಾಮಾನಿನಲ್ಲಿ ಯಾವುದು ಅಲ್ಲಿ ಕೆಲಸಕ್ಕೆ ಬರುತ್ತದೆ? ಕಾಗದಪತ್ರಗಳಲ್ಲಿ ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕಾದ್ದು ಏನು?

ಕಾಳುಕಡಿ

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ನಿಮ್ಮ ಪಟ್ಟಿ ಅಲ್ಲೇ ಹದಿಮೂರೂವರೆ ಕಿಲೋ ಇಳಿಯುತ್ತದೆ. ಅಕ್ಕಿ, ತೊಗರಿಬೇಳೆ, ಒಣ ಮೆಣಸಿನಕಾಯಿ, ಧನಿಯಾ ಕಾಳು, ಜೀರಿಗೆ ಈ ಐದನ್ನೂ ಪ್ರಯಾಣಿಕರ ಬ್ಯಾಗಿನಲ್ಲಿ ಆಸ್ಟ್ರೇಲಿಯಾಕ್ಕೆ ಒಯ್ಯುವಂತಿಲ್ಲ. ಸ್ವಲ್ಪ ಒಯ್ದರೆ ಬಿಡುತ್ತಾರೆ ಎನ್ನುವ ಪ್ರಶ್ನೆಯೇ ಇಲ್ಲ. 2020ರ ಅಕ್ಟೋಬರ್‌ನಿಂದ ಪೂರ್ತಿ ನಿಷೇಧ, ಅಂಚೆಯಲ್ಲಿ ಬಂದರೂ ಅಷ್ಟೇ. ಕಡಲೆ, ಹೆಸರು, ಅಲಸಂದೆ, ಬಟಾಣಿ, ಮಸೂರ, ಸೋಯಾ, ಶೇಂಗಾ, ಗೋಧಿ, ಕುಸುಬೆ ಕೂಡ ಅದೇ ಪಟ್ಟಿಯಲ್ಲಿವೆ. ಆದ್ದರಿಂದ "ನೀವು ಹೋಗಿ, ನಾವು ಕೊರಿಯರ್ ಮಾಡುತ್ತೇವೆ" ಎಂದು ಮನೆಯವರು ಹೇಳಿದರೆ ಈಗಲೇ ಬೇಡ ಎನ್ನಿ.

ಕಾರಣ ಖಪ್ರಾ ಎಂಬ ಜೀರುಂಡೆ. ನಮ್ಮ ಉಪಖಂಡದ್ದೇ ಹುಳ. ದಾಸ್ತಾನಿನ ಕಾಳು ಒಳಗೊಳಗೇ ಹಿಟ್ಟಾಗುವುದು ಇದರಿಂದ. ಇದರ ಮರಿ ಸೂಟ್‌ಕೇಸಿನ ಹೊಲಿಗೆ ಸಂದಿಯಲ್ಲಿ, ರಟ್ಟಿನ ಮಡಿಕೆಯಲ್ಲಿ ಸೇರಿಕೊಂಡು ಏನೂ ತಿನ್ನದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಒಮ್ಮೆ ಗೋದಾಮಿಗೆ ಹೊಕ್ಕರೆ ತೆಗೆಯುವುದು ಬಲು ಕಷ್ಟ. ಗೋಧಿಯನ್ನು ಬಹಳವಾಗಿ ರಫ್ತು ಮಾಡುವ ದೇಶ, ಅವರ ಭಯ ಸಹಜ. ಹಾಗಾಗಿ ಮನೆಯಲ್ಲಿ ದಿನಸಿ ಇಟ್ಟಿದ್ದ ಹಳೇ ಟ್ರಂಕು, ಅಂಗಡಿಯ ಅಕ್ಕಿಚೀಲ, ತರಕಾರಿ ಅಥವಾ ಮೊಟ್ಟೆಯ ರಟ್ಟಿನ ಪೆಟ್ಟಿಗೆ ಇವುಗಳಲ್ಲಿ ಏನನ್ನೂ ತುಂಬಬೇಡಿ. ಸೂಟ್‌ಕೇಸನ್ನು ಬಿಸಿಲಿಗಿಟ್ಟು, ಒಳಗಿನ ಅಸ್ತರಿನ ಜಿಪ್ ತೆಗೆದು, ಮೂಲೆಗಳನ್ನು ವ್ಯಾಕ್ಯೂಮ್ ಮಾಡಿ.

ಕಾರ್ಖಾನೆಯಲ್ಲಿ ಹುರಿದು, ಕರಿದು, ಬೇಯಿಸಿ ಅಥವಾ ಅರಳಿಸಿ ಸೀಲ್ ಮಾಡಿದ ಪ್ಯಾಕೆಟ್‌ಗಳಿಗೆ ಈ ನಿಷೇಧದಿಂದ ವಿನಾಯಿತಿ ಇದೆ. ಭಟ್ಟಿಯಿಂದ ತಂದ ಬಿಡಿ ಮಂಡಕ್ಕಿಗೆ ಆ ವಿನಾಯಿತಿ ಇಲ್ಲ, ಅದನ್ನು ಇಲ್ಲೇ ಬಿಟ್ಟು ಹೋಗಿ. ಸಾರಿನ ಪುಡಿ ಒಯ್ಯುವುದಾದರೆ ಮನೆಯ ಡಬ್ಬಿಯದ್ದಲ್ಲ, ಅಂಗಡಿಯ ಮುದ್ರೆ ಇರುವ, ಒಳಗಿರುವ ಪದಾರ್ಥಗಳ ಹೆಸರು ಅಚ್ಚಾದ ಪ್ಯಾಕೆಟ್ ಆಗಿರಲಿ. ಉಪ್ಪಿನಕಾಯಿಗೂ ಇದೇ ಮಾತು. ಹಾಲಿನ ಸಿಹಿತಿಂಡಿ ಬೇಡ: ಪೇಡ, ಕುಂದ, ಬರ್ಫಿ ಯಾವುದೂ. ಕಾಲುಬಾಯಿ ಜ್ವರ ಇರುವ ದೇಶಗಳ ಹಾಲಿನ ಪದಾರ್ಥದ ಬಗ್ಗೆ ಅವರು ಬಹಳ ಬಿಗಿ. ಹಸಿ ಕರಿಬೇವು ಒಂದು ಎಸಳೂ ಬೇಡ. ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ.

ಸಾಸಿವೆ ದಿಂಬು ಬಿಟ್ಟುಬಿಡಿ. ಅದು ಅವರ ಲೆಕ್ಕದಲ್ಲಿ ದಿಂಬಲ್ಲ, ಮೊಳಕೆಯೊಡೆಯುವ ಒಂದು ಕಿಲೋ ಬೀಜ. ಬೂರುಗದ ಹತ್ತಿಯ ದಿಂಬಿನಲ್ಲೂ ಬೀಜ ಉಳಿದಿರುತ್ತದೆ.

ರಾಗಿ ಸರಿ, ಕೂಸಿನ ಹಾಲಿನ ಪುಡಿ ಪ್ರಯಾಣಕ್ಕೂ ಮೊದಲ ವಾರಕ್ಕೂ ಬೇಕಾದಷ್ಟೇ ಇರಲಿ, ಸೀಲ್ ಪ್ಯಾಕೆಟ್‌ನಲ್ಲಿ.

ಎಲ್ಲಕ್ಕಿಂತ ಮುಖ್ಯ: ವಿಮಾನದಲ್ಲಿ ಕೊಡುವ ಪ್ಯಾಸೆಂಜರ್ ಕಾರ್ಡಿನಲ್ಲಿ ಆಹಾರ, ಗಿಡಮೂಲಿಕೆ, ಮರದ ವಸ್ತುಗಳ ಪ್ರಶ್ನೆಗೆ "ಹೌದು" ಎಂದೇ ಗುರುತು ಹಾಕಿ. ಅನುಮಾನ ಬಂದರೂ "ಹೌದು". ಹೇಳಿ ತೋರಿಸಿದ ವಸ್ತುವನ್ನು ಅಧಿಕಾರಿ ನೋಡುತ್ತಾರೆ, ಬಿಡುತ್ತಾರೆ ಇಲ್ಲವೇ ತೆಗೆದಿಟ್ಟುಕೊಳ್ಳುತ್ತಾರೆ, ದಂಡವಿಲ್ಲ. ಹೇಳದೆ ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ. ತಿನ್ನುವ ಸಾಮಾನೆಲ್ಲ ಒಂದೇ ಬ್ಯಾಗಿನಲ್ಲಿ, ಮೇಲುಗಡೆ ಇರಲಿ. ನಾಲ್ಕು ಬ್ಯಾಗಿನಲ್ಲಿ ಹಂಚಿದರೆ ಕೂಸನ್ನು ಎತ್ತಿಕೊಂಡು ನಾಲ್ಕನ್ನೂ ಬಿಚ್ಚಬೇಕಾಗುತ್ತದೆ.

ಬೇಳೆ, ಬ್ಯಾಡಗಿ, ಸೋನಾ ಮಸೂರಿ, ರಾಗಿ ಹಿಟ್ಟು, ತುರಿದ ತೆಂಗಿನಕಾಯಿಯ ಫ್ರೋಜನ್ ಪ್ಯಾಕೆಟ್ ಮೆಲ್ಬರ್ನ್‌ನ ಯಾವ ಇಂಡಿಯನ್ ಅಂಗಡಿಯಲ್ಲಾದರೂ ಸಿಗುತ್ತವೆ. ಅಲ್ಲಿನ ಡ್ಯಾಂಡಿನಾಂಗ್ ಬಡಾವಣೆಯಲ್ಲಿ ಇಂಥ ಅಂಗಡಿಗಳು ಹಲವಿವೆ. ಊಟದ ಸಾಮಾನು ಹೊತ್ತುಕೊಂಡು ಹೋಗುವ ಕಾಲ ಮುಗಿದಿದೆ.

ಕಪ್ಲರ್ ಬುಶ್

ಅಡುಗೆಮನೆಯ ಬಗ್ಗೆ ನಾನು ಹೇಳುತ್ತೇನೆ.

ಕರೆಂಟು ಇಲ್ಲಿನ ಹಾಗೇ: 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಬೇಡ. ಬೇರೆಯಾಗಿರುವುದು ಪ್ಲಗ್ ಮಾತ್ರ. ಅಲ್ಲಿಯದು ಚಪ್ಪಟೆ ಪಿನ್ನು, ಮೇಲಿನ ಎರಡು ಓರೆಯಾಗಿ, ಕೆಳಗಿನದು ನೇರವಾಗಿ ಇರುತ್ತದೆ. ಮಿಕ್ಸಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಅಡಾಪ್ಟರೇ ತೆಗೆದುಕೊಳ್ಳಿ. ಬೀದಿಯಲ್ಲಿ ಸಿಗುವ ಎರಡು ಪಿನ್ನಿನದ್ದರಲ್ಲಿ ಅರ್ಥ್ ತಂತಿ ಎಲ್ಲಿಗೂ ಸೇರುವುದಿಲ್ಲ, ಲೋಹದ ಜಾರ್ ಹಿಡಿದ ಕೈಗೆ ಅದು ಅಪಾಯ. ಇಲ್ಲಿನ ಎಕ್ಸ್‌ಟೆನ್ಷನ್ ಬೋರ್ಡು ಒಯ್ದು ಅದರಿಂದ ಎಲ್ಲ ನಡೆಸುವ ಆಲೋಚನೆಯೂ ಬೇಡ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಹೇರ್ ಡ್ರೈಯರ್ ಅಲ್ಲಿ ಅಗ್ಗ, ಬಿಟ್ಟು ಹೋಗಿ.

ಮಿಕ್ಸಿ ಒಯ್ಯಿರಿ. ಚಟ್ನಿ, ಮಸಾಲೆ, ದೋಸೆ ಹಿಟ್ಟು ಅರೆಯುವ ಮಿಕ್ಸಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಕ್ಕರೂ ಬೆಲೆ ಹೆಚ್ಚು, ರಿಪೇರಿ ಮಾಡುವವರು ಕಡಿಮೆ. 750 ವಾಟಿನದು ಸಾಕು. ಮೋಟಾರ್ ಬುಡವನ್ನು ಬಟ್ಟೆ ಸುತ್ತಿ ಸೂಟ್‌ಕೇಸಿನ ನಡುವೆ, ಚಕ್ರದ ಕಡೆಗೆ ಇಡಿ. ಜಾರ್‌ಗಳೊಳಗೆ ಕಾಲುಚೀಲ, ಕೂಸಿನ ಬಟ್ಟೆ ತುರುಕಿ. ಕೆಡುವುದು ಯಾವಾಗಲೂ ಸಣ್ಣ ಭಾಗಗಳೇ: ಮೋಟಾರ್ ಮೇಲಿನ ಕಪ್ಲರ್ (ಜಾರಿನ ಬ್ಲೇಡನ್ನು ತಿರುಗಿಸುವ ಹಲ್ಲಿನ ಬಿಲ್ಲೆ) 2, ಜಾರಿನ ಬುಡದ ಕಪ್ಲರ್ 2, ಮುಚ್ಚಳದ ರಬ್ಬರ್ ಜಾರಿಗೆ ಎರಡೆರಡು, ಕಾರ್ಬನ್ ಬ್ರಶ್ 1 ಜೊತೆ. ನಿಮ್ಮ ಮಾಡೆಲಿನ ಹೆಸರು ಹೇಳಿ ತನ್ನಿ. ನೋಡಲು ಒಂದೇ ಥರ ಕಂಡರೂ ಹಲ್ಲಿನ ಸಂಖ್ಯೆ ಬೇರೆ ಇದ್ದರೆ ಕೂರುವುದಿಲ್ಲ. ಎಲ್ಲ ಸೇರಿ ಕಾಲು ಕಿಲೋ ಆಗುವುದಿಲ್ಲ.

ಕುಕ್ಕರ್ ವಿಷಯದಲ್ಲಿ ನಿಂತು ಯೋಚಿಸಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2024ರ ಜನವರಿ 1ರಿಂದ ಪ್ಲಾನಿಂಗ್ ಪರ್ಮಿಟ್ ಬೇಕಾಗುವ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವುದಿಲ್ಲ, ಪೂರ್ತಿ ವಿದ್ಯುತ್ತೇ. ಹಳೇ ಮನೆಗಳಲ್ಲಿ ಗ್ಯಾಸ್ ಒಲೆ ಇದೆ. ನಿಮಗೆ ಬಾಡಿಗೆಗೆ ಯಾವುದು ಸಿಗುತ್ತದೋ ಈಗ ಗೊತ್ತಿಲ್ಲ, ಹಾಗಾಗಿ ಎರಡಕ್ಕೂ ಆಗುವ ಪಾತ್ರೆ ಮಾತ್ರ ಒಯ್ಯಿರಿ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತೆಗೆದು ಪಾತ್ರೆಯ ಬುಡಕ್ಕೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಇಂಡಕ್ಷನ್ ಮೇಲೆ ನಡೆಯುತ್ತದೆ, ಜಾರಿದರೆ ಇಲ್ಲ. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್, ತಾಮ್ರದ ತಳದ ಪಾತ್ರೆ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ಹಾಗಾಗಿ ಎರಡು ಅಲ್ಯೂಮಿನಿಯಂ ಕುಕ್ಕರ್ ಬದಲು ಇಂಡಕ್ಷನ್ ತಳದ 5 ಲೀಟರ್ ಸ್ಟೀಲ್ ಕುಕ್ಕರ್ ಒಂದು, ಅದರ ಗ್ಯಾಸ್ಕೆಟ್ 4, ಸೇಫ್ಟಿ ವಾಲ್ವ್ 3, ಒಂದು ವಿಸಿಲ್. ಗ್ಯಾಸ್ಕೆಟನ್ನು ಮಡಿಸಬೇಡಿ, ಮಡಿಕೆ ಬಿದ್ದ ಜಾಗದಲ್ಲೇ ಹಬೆ ಸೋರುತ್ತದೆ. ಕುಕ್ಕರ್ ಒಳಗೇ ದುಂಡಗೆ ಇಡಿ.

ದೋಸೆ ಹಂಚು ಬೀಡಿನದ್ದೋ ಕಬ್ಬಿಣದ್ದೋ ಆದರೆ ಇಂಡಕ್ಷನ್‌ಗೆ ಆಗುತ್ತದೆ, ಆದರೆ ತಳ ಸಮತಟ್ಟಾಗಿರಬೇಕು. ನಡುವೆ ತಗ್ಗಿರುವ ಹಳೇ ಹಂಚು ಅಲ್ಲಿನ ಒಲೆಯ ಗಾಜಿನ ಮೇಲೆ ಅಲ್ಲಾಡುತ್ತದೆ, ನಡುವೆ ಮಾತ್ರ ಕಾಯುತ್ತದೆ, ಅಂಚು ಹಸಿಯಾಗಿ ಉಳಿಯುತ್ತದೆ. ಒಯ್ಯುವುದಾದರೆ ತೊಳೆದು, ಒಣಗಿಸಿ, ಎಣ್ಣೆ ಸವರಿ, ಹಳೇ ಸೀರೆಯ ತುಂಡು ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಇಡ್ಲಿ ತಟ್ಟೆಗಳು ಹಗುರ, ಒಯ್ಯಿರಿ. ಗ್ರೈಂಡರ್ ಬೇಡ, ಕಲ್ಲು ಸೇರಿ ಬಹಳ ಭಾರ.

ಲಟ್ಟಣಿಗೆ, ಮಣೆಯನ್ನು ಈಗಲೇ ಪರೀಕ್ಷೆ ಮಾಡಿ. ಬಿಳಿ ಹಾಳೆಯ ಮೇಲೆ ಇಟ್ಟು, ಒಮ್ಮೆ ತಟ್ಟಿ, ಎರಡು ದಿನ ಬಿಡಿ. ಹಾಳೆಯ ಮೇಲೆ ಗೋಧಿಹಿಟ್ಟಿನಂಥ ಹಳದಿ ಪುಡಿ ಬಿದ್ದಿದ್ದರೆ, ಮರದಲ್ಲಿ ಸೂಜಿ ಮೊನೆಯಷ್ಟು ದುಂಡು ತೂತು ಇದ್ದರೆ ಒಳಗೆ ಕೊರಕ ಹುಳು ಇದೆ. ಅದನ್ನು ಅಲ್ಲಿ ಬಿಡುವುದಿಲ್ಲ. ತೊಗಟೆ ಉಳಿದಿರುವ ಮರವೂ ಹಾಗೇ. ಸ್ಟೀಲ್ ಲಟ್ಟಣಿಗೆ ಒಯ್ದರೆ ಈ ಗೋಜೇ ಇಲ್ಲ.

ಕಡತದ ಮನೆ

ಕಾಗದದ ತೂಕ ಎರಡು ಕಿಲೋ ಇರಬಹುದು, ಆದರೆ ನೂರು ಕಿಲೋದಲ್ಲಿ ಕಳೆದರೆ ಮತ್ತೆ ಸಿಗದೇ ಇರುವುದು ಅದೊಂದೇ. ಮೂಲಪ್ರತಿ ಎಲ್ಲ ಕೈಚೀಲದಲ್ಲಿ, ಸ್ಕ್ಯಾನ್ ಪ್ರತಿ ಫೋನ್ ಮತ್ತು ಮೇಲ್ ಎರಡರಲ್ಲೂ.

ಹೆಸರಿನಿಂದ ಶುರುಮಾಡಿ, ನಮ್ಮವರಿಗೆ ಹೆಚ್ಚು ತೊಡಕಾಗುವುದು ಅಲ್ಲೇ. ಅಂಕಪಟ್ಟಿಯಲ್ಲಿ ಮುಂದೆ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಊರ ಹೆಸರು, ಮದುವೆ ಸರ್ಟಿಫಿಕೇಟಿನಲ್ಲಿ ಇನ್ನೊಂದು ಥರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಬ್ಯಾಂಕು, ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ), ಲೈಸೆನ್ಸ್ ಪ್ರತಿಯೊಂದರಲ್ಲೂ ಹೆಸರು ಬೇರೆ ಬೇರೆ ರೀತಿ ದಾಖಲಾಗುತ್ತದೆ, ಆಮೇಲೆ ಒಂದಕ್ಕೊಂದು ಹೊಂದುವುದಿಲ್ಲ. ನಾಲ್ವರ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿ. ಕನ್ನಡದಲ್ಲಿ ಮಾತ್ರ ಇರುವ ಜನನ ಪ್ರಮಾಣಪತ್ರಕ್ಕೆ ಎರಡೂ ಭಾಷೆಯ ಹೊಸ ಪ್ರತಿ ತೆಗೆಸಿ, ಮಗುವಿನ ಹೆಸರು ಸೇರಿದೆಯೇ ನೋಡಿ. "ಹೆಣ್ಣು ಮಗು" ಎಂದಷ್ಟೇ ಬರೆದಿರುವ ಪತ್ರಗಳು ಬೇಕಾದಷ್ಟಿವೆ.

ಕೂಸಿನ ತಾಯಿ ಕಾರ್ಡು ಮೂಲಪ್ರತಿ ಒಯ್ಯಿರಿ. ಅದರಲ್ಲಿನ ಪ್ರತಿ ಲಸಿಕೆಗೂ ತಾರೀಖು ಓದುವಂತೆ ಇರಲಿ, ಅಳಿಸಿದ್ದರೆ ಆಸ್ಪತ್ರೆಯಲ್ಲಿ ಟೈಪ್ ಮಾಡಿಸಿ ಸಹಿ, ಸೀಲು ಹಾಕಿಸಿ. ವಿಕ್ಟೋರಿಯಾದಲ್ಲಿ ಚೈಲ್ಡ್‌ಕೇರ್‌ಗೆ ಸೇರಿಸಲು ಆಸ್ಟ್ರೇಲಿಯಾದ ಲಸಿಕೆ ರಿಜಿಸ್ಟರಿನ ಸ್ಟೇಟ್‌ಮೆಂಟ್ ಬೇಕು. ಅಲ್ಲಿನ ಡಾಕ್ಟರ್ ಈ ಕಾರ್ಡು ನೋಡಿಯೇ ಅದಕ್ಕೆ ತುಂಬುವುದು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಎಂಆರ್ ಕೊಡುತ್ತಾರೆ, ಅಂದರೆ ದಡಾರ ಮತ್ತು ರುಬೆಲ್ಲಾ. ಅಲ್ಲಿ ಮಂಗನಬಾವು ಸೇರಿದ ಎಂಎಂಆರ್, 12 ಮತ್ತು 18 ತಿಂಗಳಿಗೆ. ಮಗಳ ಕಾರ್ಡನ್ನೂ ಹುಡುಕಿ ಇಟ್ಟುಕೊಳ್ಳಿ, ಶಾಲೆಗೂ ಕೇಳುತ್ತಾರೆ. ಅವಳ ಟಿಸಿ, ಹಿಂದಿನ ಎರಡು ವರ್ಷದ ಅಂಕಪಟ್ಟಿ ಇರಲಿ. ಅಲ್ಲಿ ಶಾಲೆ ಜನವರಿ ಕೊನೆಯಿಂದ ಡಿಸೆಂಬರ್‌ವರೆಗೆ, ಅವಳು ವರ್ಷದ ನಡುವೆ ಸೇರುತ್ತಾಳೆ.

ಔಷಧಿ ಮೂರು ತಿಂಗಳಿಗೆ ಆಗುವಷ್ಟು, ಅಂಗಡಿಯ ಸ್ಟ್ರಿಪ್‌ನಲ್ಲೇ, ಜೊತೆಗೆ ಡಾಕ್ಟರ ಚೀಟಿ. ಚೀಟಿಯಲ್ಲಿ ಬ್ರಾಂಡಿನ ಹೆಸರಿನ ಜೊತೆ ಮದ್ದಿನ ಮೂಲ ಹೆಸರೂ ಇರಲಿ, ಅಲ್ಲಿನ ಡಾಕ್ಟರಿಗೆ ನಮ್ಮ ಬ್ರಾಂಡು ಗೊತ್ತಿರುವುದಿಲ್ಲ. ಮೆಡಿಕೇರ್ ದೊಡ್ಡವರ ಹಲ್ಲಿಗೂ ಕನ್ನಡಕಕ್ಕೂ ಕೊಡುವುದಿಲ್ಲ. ಹಲ್ಲಿನ ಕೆಲಸ ಮುಗಿಸಿಕೊಂಡು, ತಲಾ ಎರಡು ಕನ್ನಡಕ ಮಾಡಿಸಿಕೊಂಡು ಹೊರಡಿ.

ಡ್ರೈವಿಂಗ್ ಲೈಸೆನ್ಸಿನ ಮೇಲೆ ವಿಕ್ಟೋರಿಯಾದಲ್ಲಿ ಆರು ತಿಂಗಳು ಓಡಿಸಬಹುದು, ಅಷ್ಟರೊಳಗೆ ಅಲ್ಲಿನದ್ದಕ್ಕೆ ಪರೀಕ್ಷೆ ಕೊಡಬೇಕು. ಎಷ್ಟು ವರ್ಷದಿಂದ ಲೈಸೆನ್ಸ್ ಇದೆ ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ರಿನ್ಯೂ ಆದ ಕಾರ್ಡಿನಲ್ಲಿ ಮೊದಲ ತಾರೀಖು ಕಾಣದಿದ್ದರೆ ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್, ಅಂದರೆ ಲೈಸೆನ್ಸಿನ ಪೂರ್ತಿ ದಾಖಲೆಯ ಪ್ರತಿ, ತೆಗೆಸಿ. ಈಗಿನ ಮನೆಯ ಮಾಲೀಕರಿಂದ "ಬಾಡಿಗೆ ಸರಿಯಾಗಿ ಕಟ್ಟಿದ್ದಾರೆ" ಎಂಬ ಒಂದು ಪುಟದ ಇಂಗ್ಲಿಷ್ ಪತ್ರವೂ ಇರಲಿ, ಬಾಡಿಗೆ ಅರ್ಜಿಗೆ ನೆರವಾಗುತ್ತದೆ.

ಇನ್ನು ಒಯ್ಯುವ ಸಾಮಾನಲ್ಲದಿದ್ದರೂ ಮರೆಯಬಾರದ್ದು ಸಿಮ್. ಬ್ಯಾಂಕು, ಆಧಾರ್, ತೆರಿಗೆ ಎಲ್ಲದರ ಒಟಿಪಿ ಆ ನಂಬರಿಗೇ ಬರುತ್ತದೆ. ಹೊರಡುವ ಮುಂಚೆಯೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಒಳಬರುವ ಎಸ್‌ಎಂಎಸ್ ನಿಲ್ಲದಂತೆ ರೀಚಾರ್ಜ್ ಮುಂದುವರಿಸಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಜಮೀನು, ಮನೆ ನೋಡಿಕೊಳ್ಳಲು ಯಾರಿಗಾದರೂ ಅಧಿಕಾರಪತ್ರ ಕೊಡುವುದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೇ ಮುಗಿಸಿ. ಆಮೇಲಾದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಇಲ್ಲಿಗೆ ಕಳಿಸಿ, ಮೂರು ತಿಂಗಳೊಳಗೆ ಸ್ಟ್ಯಾಂಪ್ ಮಾಡಿಸಬೇಕು.

ಒಡವೆ ಮೈಮೇಲೆ ಅಥವಾ ಕೈಚೀಲದಲ್ಲಿ, ಚೆಕ್‌ಇನ್ ಬ್ಯಾಗಿನಲ್ಲಿ ಖಂಡಿತ ಬೇಡ. ಮುಂದೆ ಊರಿಗೆ ಬರುವಾಗ ಅದೇ ಒಡವೆಗೆ ಸುಂಕ ಕೇಳದಿರಲು, ಸರ್ಕಾರಿ ಮಾನ್ಯತೆ ಇರುವ ವ್ಯಾಲ್ಯುಯರ್‌ನಿಂದ (ಬೆಲೆ ಕಟ್ಟುವವರಿಂದ) ಫೋಟೊ, ತೂಕ ಸಮೇತ ಪಟ್ಟಿ ಮಾಡಿಸಿ, ಹೊರಡುವ ದಿನ ಬೆಂಗಳೂರು ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಿರಿ. ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹೋಗಿ. ನಗದು 10,000 ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಘೋಷಿಸಬೇಕು.

ಬೆಣ್ಣೆನಗರಿ

ಮೂವರಿಗೂ ತುಂಬಾ ಉಪಕಾರವಾಯಿತು. ಅಯಸ್ಕಾಂತ ಹಿಡಿದು ನೋಡಿದೆ, ಎರಡು ಕುಕ್ಕರೂ ಬಿದ್ದವು. ಇನ್ನೆರಡು ಕೇಳುವುದಿದೆ. ಪುಸ್ತಕ, ಪಾತ್ರೆ, ಮಗಳ ಸೈಕಲ್ ಹಡಗಿನಲ್ಲಿ ಕಳಿಸಿದರೆ ಹೇಗೆ? ದೇವರ ಪೆಟ್ಟಿಗೆಯ ಬಗ್ಗೆ ಯಾರೂ ಹೇಳಲಿಲ್ಲ. ಅತ್ತೆಯವರು ಅದನ್ನು ಬಿಚ್ಚದೆ ಹಾಗೇ ಒಯ್ಯಿರಿ ಎನ್ನುತ್ತಾರೆ.

ಹಡಗುಕಟ್ಟೆ

ಹಡಗಿನ ಲೆಕ್ಕ ತೂಕದ್ದಲ್ಲ, ಜಾಗದ್ದು. 45×45×30 ಸೆಂಟಿಮೀಟರಿನ ಪೆಟ್ಟಿಗೆ ಹದಿನಾರು ಸೇರಿದರೆ ಹತ್ತಿರ ಹತ್ತಿರ ಒಂದು ಕ್ಯೂಬಿಕ್ ಮೀಟರ್. ದರ ಕೇಳುವಾಗ "ಮೆಲ್ಬರ್ನ್ ಬಂದರಿನವರೆಗೆ" ಎಂದರೆ ಒಪ್ಪಬೇಡಿ. ಬಂದರಿನ ಶುಲ್ಕ, ಬಯೋಸೆಕ್ಯುರಿಟಿ (ಹುಳ, ರೋಗ ಬರದಂತೆ ತಡೆಯುವ) ತಪಾಸಣೆ ಶುಲ್ಕ, ಮನೆಗೆ ಸಾಗಿಸುವುದು ಎಲ್ಲ ಸೇರಿದ ಮನೆಬಾಗಿಲ ದರವನ್ನೇ ಬರಹದಲ್ಲಿ ಪಡೆಯಿರಿ. ಕಡಿಮೆ ಎಂದು ಕಂಡ ದರ ಎರಡರಷ್ಟಾಗುವುದು ಅಲ್ಲೇ. ಸಾಮಾನು ತಲುಪಲು ಎರಡು ಮೂರು ತಿಂಗಳು ಹಿಡಿಯಿರಿ.

ನೀವು ಹನ್ನೆರಡು ತಿಂಗಳಾದರೂ ಇಟ್ಟುಕೊಂಡು ಬಳಸಿದ ವಸ್ತುಗಳಿಗೆ ಸುಂಕ ಇಲ್ಲ. ಹೊಸದು ಕೊಂಡು ತುಂಬಿದರೆ ಸುಂಕ ಬೀಳಬಹುದು. ಬಿ534 ಎಂಬ ಫಾರಂ ತುಂಬಿ, ಪಾಸ್‌ಪೋರ್ಟ್ ಪ್ರತಿ ಮತ್ತು ಪೆಟ್ಟಿಗೆವಾರು ಪಟ್ಟಿ ಕೊಡಬೇಕು. ಪಟ್ಟಿಯಲ್ಲಿ "ಅಡುಗೆ ಸಾಮಾನು" ಎಂದಷ್ಟೇ ಬರೆಯಬೇಡಿ, "ಸ್ಟೀಲ್ ತಟ್ಟೆ 6, ಹಿತ್ತಾಳೆ ಪಾತ್ರೆ 2" ಎಂದು ಬರೆಯಿರಿ. ಮರ, ಬೆತ್ತ, ಚರ್ಮ, ಚಪ್ಪಲಿ, ಸೈಕಲ್ ಇವೆಲ್ಲ ತಪಾಸಣೆಯ ಸಾಮಾನು. ಒಂದೆರಡೇ ಪೆಟ್ಟಿಗೆಯಲ್ಲಿ ಸೇರಿಸಿ, ನಂಬರ್ ಹಾಕಿ. ಸೈಕಲ್ಲಿನ ಟಯರಿನ ಗೆರೆ, ಪೆಡಲ್ ಸಂದಿ, ಮಡ್‌ಗಾರ್ಡ್ ಒಳಬದಿಯ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಬೂಟಿನ ತಳದಲ್ಲೂ ಒಂದು ಕಣ ಮಣ್ಣು ಇರಬಾರದು. ನಿಜ ಹೇಳಬೇಕೆಂದರೆ ಮಕ್ಕಳ ಸೈಕಲ್ ಅಲ್ಲಿ ಹಳೆಯದು ಪುಕ್ಕಟೆಗೂ ಸಿಗುತ್ತದೆ. ಒಂದು ಕ್ಯೂಬಿಕ್ ಮೀಟರ್ ತುಂಬುವಷ್ಟು ಪುಸ್ತಕ, ಪಾತ್ರೆ ಇಲ್ಲದಿದ್ದರೆ ವಿಮಾನದಲ್ಲೇ ಹೆಚ್ಚುವರಿ ಬ್ಯಾಗು ಮುಂಗಡ ಬುಕ್ ಮಾಡಿ. ಒಂದೇ ಬ್ಯಾಗು 32 ಕಿಲೋ ದಾಟದಿರಲಿ.

ಕಾಳುಕಡಿ

ದೇವರ ಪೆಟ್ಟಿಗೆ ಬಿಚ್ಚದೆ ಒಯ್ಯಬೇಡಿ, ಅತ್ತೆಯವರಿಗೆ ನಿಧಾನವಾಗಿ ತಿಳಿಹೇಳಿ. ಅವರನ್ನೇ ಪಕ್ಕ ಕೂರಿಸಿಕೊಂಡು ಬಿಚ್ಚುವುದು ಒಳ್ಳೆಯದು, ಯಾವುದು ಏನೆಂದು ಅವರಿಗೇ ಗೊತ್ತಿರುತ್ತದೆ.

ಅಕ್ಷತೆ ಅರಿಶಿನ ಹಚ್ಚಿದರೂ ಅಕ್ಕಿಯೇ, ಮೇಲೆ ಹೇಳಿದ ನಿಷೇಧಕ್ಕೇ ಬರುತ್ತದೆ. ಕುಂಕುಮ ಭರಣಿಯ ತಳದಲ್ಲಿ, ಸಂಪುಟದ ಬಟ್ಟೆಯ ಮಡಿಕೆಯಲ್ಲಿ ನಾಲ್ಕಾರು ಕಾಳು ಉಳಿದಿರುತ್ತವೆ, ಕೊಡವಿ. ಮಂತ್ರಾಲಯದ ಮೃತ್ತಿಕೆ ಮಣ್ಣು, ಮಣ್ಣಿಗೆ ಅಲ್ಲಿ ಪ್ರವೇಶವಿಲ್ಲ. ಅದನ್ನು ಇಲ್ಲೇ ಮನೆಯ ದೇವರ ಮುಂದೆ ಇಟ್ಟು ಹೋಗಿ. ಸಗಣಿಯ ವಿಭೂತಿ, ಗರಿಕೆ, ದರ್ಭೆ, ಬಿಲ್ವ, ಒಣಗಿದ ತುಳಸಿ ದಳ ಯಾವುದೂ ಬೇಡ. ನವಿಲುಗರಿಯನ್ನು ಭಾರತದಿಂದಲೇ ಹೊರಗೆ ಒಯ್ಯುವಂತಿಲ್ಲ. ಕೃಷ್ಣಾಜಿನದ (ಕೃಷ್ಣಮೃಗದ ಚರ್ಮದ) ತುಂಡು ಇದ್ದರೂ ಅಷ್ಟೇ, ಅದು ವನ್ಯಜೀವಿ ಕಾಯ್ದೆಯ ವಿಷಯ. ಕರ್ಪೂರ ಬೆಂಕಿ ಹತ್ತುವ ಘನವಸ್ತು, ವಿಮಾನದ ಯಾವ ಬ್ಯಾಗಿನಲ್ಲೂ ಇಡಬಾರದು. ಕಡ್ಡಿಪೆಟ್ಟಿಗೆಯನ್ನೂ ತೆಗೆಯಿರಿ.

ವಿಗ್ರಹ, ದೀಪ, ಗಂಟೆ, ಹರಿವಾಣ, ಶಂಖ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ದೀಪದ ಬತ್ತಿ ಗುಣಿಯಲ್ಲಿ ಅಂಟಿದ ಎಣ್ಣೆ, ಹೂವಿನ ಎಸಳು ಹೋಗಬೇಕು. ರುದ್ರಾಕ್ಷಿ ಬೀಜ, ತುಳಸಿ ಮಣಿ ಮರ, ಶಂಖ ಪ್ರಾಣಿಯ ಚಿಪ್ಪು. ಇವುಗಳನ್ನು ತೂತು ಇದೆಯೇ ನೋಡಿ, ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಡಿಕ್ಲೇರ್ ಮಾಡಿ ತೋರಿಸಿ. ಹಳೆಯ ಮರದ ಮಂಟಪವಾದರೆ ಬಿಳಿ ಹಾಳೆಯ ಪರೀಕ್ಷೆ ಅದಕ್ಕೂ ಮಾಡಿ. ತೂತಿದ್ದರೆ ವಿಗ್ರಹ ಮಾತ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಒಯ್ಯಿರಿ.

ಕಡತದ ಮನೆ

ಬಟ್ಟೆಯ ಬಗ್ಗೆ ಒಂದೇ ಸಾಲು ಸೇರಿಸುತ್ತೇನೆ. ಜುಲೈ ಅಲ್ಲಿ ನಡು ಚಳಿಗಾಲ, ಮುಂಜಾನೆ ಆರೇಳು ಡಿಗ್ರಿ, ಮಧ್ಯಾಹ್ನ 14ರ ಆಸುಪಾಸು. ನಾಲ್ವರಿಗೂ ಒಂದೊಂದು ಜಾಕೆಟ್, ಕೂಸಿಗೆ ಟೋಪಿ, ಕಾಲುಚೀಲ ಕೈಚೀಲದಲ್ಲೇ ಇರಲಿ, ಏರ್‌ಪೋರ್ಟಿನ ಬಾಗಿಲು ದಾಟಿದೊಡನೆ ಬೇಕಾಗುತ್ತದೆ. ಥರ್ಮಲ್, ರಜಾಯಿ ಅಲ್ಲೇ ಕೊಳ್ಳಿ. ಸೀರೆ ಐದಾರು ಸಾಕು, ಆದರೆ ಕುಪ್ಪಸ ಇಲ್ಲಿಂದಲೇ ಹೊಲಿಸಿಕೊಂಡು ಹೋಗಿ, ಒಳಗೆ ಎರಡು ಇಂಚು ಬಟ್ಟೆ ಬಿಡಿಸಿ. ಅಲ್ಲಿ ಹೊಲಿಗೆಯ ಕೂಲಿ ಬಟ್ಟೆಯ ಬೆಲೆಗಿಂತ ಹೆಚ್ಚು.